ಸುಮ್ಮನಿದ್ದ ತೋಳು

ನಮ್ಮ ಮನೆಗೆ ಯಾರೇ ಬರಲಿ, ಹೊಸ್ತಿಲಾಚೆಯೇ ನಿಂತು ಜೇಬು ಹೊರಗೆ ತಿರುಗಿಸಿ ತೋರಿಸಿ, ಕೈ ತೊಳೆದುಕೊಂಡು ಒಳಗೆ ಬರಬೇಕು. ಇದು ನನ್ನ ತಂಗಿ ಮಾಡಿದ ಕಾಯಿದೆ. ನಲ್ಲಿ ರಿಪೇರಿಗೆ ಬಂದವನಿಗೂ ವಿನಾಯಿತಿ ಇಲ್ಲ.

ತಂಗಿಗೆ ಗೋಡಂಬಿ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಹೊಟ್ಟೆ ಕೆಡುತ್ತದೆ ಎಂದಲ್ಲ. ಒಂದು ಚೂರು ನಾಲಿಗೆಗೆ ತಾಗಿದರೆ ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಗಂಟಲು ಕಟ್ಟಿಕೊಳ್ಳುತ್ತದೆ. ಮೊದಲ ಸಲ ಹಾಗಾದದ್ದು ಅವಳು ಕೆಲಸ ಮಾಡುವ ಲಾಂಡ್ರಿಯಲ್ಲಿ. ಮಾಲೀಕರ ಮಗಳ ಹುಟ್ಟುಹಬ್ಬಕ್ಕೆ ಎಲ್ಲರಿಗೂ ಗೋಡಂಬಿ ಹಾಕಿದ ಕೇಕು ಹಂಚಿದ್ದರು. ಇವಳು ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದೇ ಇನ್ನೊಂದು ಕೈಯಿಂದ ಕೇಕು ತಿಂದಳಂತೆ. ಇಸ್ತ್ರಿಪೆಟ್ಟಿಗೆ ಹೋಟೆಲಿನ ಬಿಳಿ ಹಾಸಿನ ಮೇಲೆ ಬಿತ್ತು, ಹಾಸು ಸುಟ್ಟಿತು, ಇವಳು ನೆಲಕ್ಕೆ ಕುಸಿದಳು. ಹಾಸು ಸುಟ್ಟದ್ದಕ್ಕೆ ಬೈಗುಳ ತಪ್ಪಿಸಿಕೊಳ್ಳಲು ನಾಟಕ ಹೂಡಿದ್ದಾಳೆ ಎಂದುಕೊಂಡವರೂ ಅಲ್ಲಿದ್ದರು. ಮುಖ ನೀಲಿಯಾದ ಮೇಲೆ ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು.

ಅಂದಿನಿಂದ ಅವಳು ಯಾವುದನ್ನೂ ಮೂಸದೆ ಬಾಯಿಗಿಡುವುದಿಲ್ಲ. ಹುರಿದ ಗೋಡಂಬಿಯ ವಾಸನೆಯನ್ನು ಬೀದಿಯ ಆ ತುದಿಯಿಂದಲೇ ಹಿಡಿಯುತ್ತಾಳೆ. ಲಾಂಡ್ರಿಯವರು ಅವಳಿಗೆ ಇನ್‌ಸ್ಪೆಕ್ಟರಮ್ಮ ಎಂದು ಹೆಸರಿಟ್ಟಿದ್ದಾರೆ. ಮೂಗಿನ ಕೆಲಸ ಅವಳದು, ಕಣ್ಣಿನ ಕೆಲಸ ನನ್ನದು. ನಾನು ಅಕ್ಷರ ಕಲಿತದ್ದೇ ತಲೆ ನರೆಯುವ ಹೊತ್ತಿಗೆ, ಹೊಲಿಗೆ ಕಾರ್ಖಾನೆಯ ಪಾಳಿ ಮುಗಿಸಿ ಹೋಗುತ್ತಿದ್ದ ರಾತ್ರಿ ಶಾಲೆಯಲ್ಲಿ. ಪಾಠದ ಪುಸ್ತಕ ಬಿಟ್ಟರೆ ನಾನು ಮೊದಲು ಓದಿದ್ದು ಬಿಸ್ಕತ್ತು ಪೊಟ್ಟಣದ ಬೆನ್ನನ್ನು. ಇವತ್ತಿಗೂ ಅಂಗಡಿಯಲ್ಲಿ ಕನ್ನಡಕ ಮೂಗಿಗೇರಿಸಿ ಸಣ್ಣಕ್ಷರ ಓದುತ್ತ ನಿಂತರೆ ಹಿಂದಿರುವವರು ಗೊಣಗುತ್ತಾರೆ. ಗೊಣಗಲಿ.

ನನ್ನ ಮಗನನ್ನು ಸಾಕಿದವಳು ಅವಳೇ. ಅವನ ಅಪ್ಪ ಬೇಗ ಹೋದರು. ನಾನು ಹಗಲು ಕಾರ್ಖಾನೆ, ಸಂಜೆ ಶಾಲೆ ಎಂದು ತಿರುಗುತ್ತಿದ್ದೆ. ಮದುವೆಯ ಗೋಜಿಗೇ ಹೋಗದ ತಂಗಿ ನನ್ನ ಜೊತೆಯಲ್ಲೇ ಉಳಿದು ಅವನಿಗೆ ಉಣಿಸಿದಳು, ತೊಳೆದಳು, ಬಾರಿಸಿದಳು, ಮುದ್ದಿಸಿದಳು. ಶಾಲೆಯಿಂದ ಬಂದ ಹುಡುಗ ಬಾಗಿಲಲ್ಲಿ ನಿಂತು ಎರಡೂ ಜೇಬನ್ನು ನಾಯಿಯ ಕಿವಿಯಂತೆ ಹೊರಗೆ ಜೋತುಬಿಡುತ್ತಿದ್ದ. ಈಗ ಅವನ ತಲೆಯ ಮೇಲೆ ಕೂದಲು ವಿರಳವಾಗಿದೆ, ಜೇಬು ತಿರುಗಿಸುವುದು ತಪ್ಪಿಲ್ಲ. ತಂಗಿ ಇನ್ನೂ ಅವನನ್ನು ಮರಿ ಎಂದೇ ಕರೆಯುತ್ತಾಳೆ. ಸೊಸೆ ಮೊದಲ ಸಲ ಮನೆಗೆ ಬಂದ ದಿನ ಕೈಚೀಲ ಕವುಚಿ ತೋರಿಸಬೇಕಾಗಿ ಬಂದಾಗ, "ಇದು ಗಂಡನ ಮನೆನೋ, ಜೈಲೋ?" ಎಂದು ಕೇಳಿದ್ದಳು. ತಂಗಿ, "ಜೈಲಲ್ಲಾದ್ರೆ ಬಿಡುಗಡೆ ಇರುತ್ತಮ್ಮ" ಎಂದಳು. ಅಲ್ಲಿಂದ ಇಬ್ಬರಿಗೂ ಸರಿಹೋಯಿತು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವು ನಾಲ್ಕು ಜನ. ಸೊಸೆ ಚಪ್ಪಲಿ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕೆ ಹೋಗುತ್ತಾಳೆ. ಮಗ ಊರಾಚೆಯ ಸಂಶೋಧನಾ ಕೇಂದ್ರದಲ್ಲಿ ಗಾಜಿನ ಮನೆಯ ಗಿಡಗಳನ್ನು ನೋಡಿಕೊಳ್ಳುತ್ತಾನೆ. ನೀರು ಹಾಕುವುದು, ಕಾವು ನೋಡುವುದು, ಬೇರೆ ಗಿಡದ ಪರಾಗ ತಾಗದಂತೆ ಹೂವಿಗೆ ಕಾಗದದ ಟೋಪಿ ಹಾಕುವುದು, ಕಾಯಿ ಬಲಿತ ಮೇಲೆ ಕಾಳು ಬಿಡಿಸಿ ಒಣಗಿಸುವುದು. ಕೆಲವು ವರ್ಷಗಳಿಂದ ಅವನ ಕೈಯಲ್ಲಿದ್ದದ್ದು ಒಂದೇ ಬೆಳೆ: ಕುಲಾಂತರಿ ಕಾಳು. ನೋಡಲು ಮಾಮೂಲಿ ಸೋಯಾ ಕಾಳೇ. ಆದರೆ ಆ ಕಾಳಿನಲ್ಲಿ ಇಲ್ಲದ ಒಂದು ಪೌಷ್ಟಿಕಾಂಶವನ್ನು ಕೂಡಿಸಲೆಂದು ಬೇರೆ ಗಿಡದ ಒಂದು ಗುಣವನ್ನು ತೆಗೆದು ಇದರೊಳಗೆ ಸೇರಿಸಿದ್ದರು. ಹಾಲು ಮೊಟ್ಟೆ ಸಿಗದ ಮಕ್ಕಳಿಗೆ ಇದರ ಹಿಟ್ಟು ಕೊಟ್ಟರೆ ಸಾಕು ಎಂದು ಮಗ ಹೇಳುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಅವನಿಗೆ ಆ ಕಾಳು ಹಾಗೆ. ಊಟಕ್ಕೆ ಕೂತರೆ ಅದರದೇ ಮಾತು.

"ಇವತ್ತು ಎಷ್ಟು ಎಲೆ ಬಿಟ್ಟಿದೆಯಂತೆ ನಿಮ್ಮ ಮೊಮ್ಮಗು?" ಎಂದು ಸೊಸೆ ನನ್ನನ್ನು ಕೇಳುತ್ತಿದ್ದಳು.

ಒಂದು ಸಂಜೆ ಅವನು ಜೇಬು ತಿರುಗಿಸುವ ಮೊದಲೇ ಬಾಗಿಲಿಂದ ಕೂಗಿದ.

"ಚಿಕ್ಕಮ್ಮ, ನಿನಗೊಂದು ಕೆಲಸ ಸಿಕ್ಕಿದೆ!"

"ಇರೋ ಕೆಲಸಕ್ಕೇ ಬೆನ್ನು ಬಿದ್ದೋಗಿದೆ. ಮೊದಲು ಜೇಬು."

ಜೇಬು ತೋರಿಸಿ, ಕೈ ತೊಳೆದುಕೊಂಡು, ಒರೆಸಿಕೊಳ್ಳುತ್ತಲೇ ಹೇಳಿದ. ಕಾಳನ್ನು ಜನರಿಗೆ ಕೊಡುವ ಮೊದಲು ಯಾರಿಗಾದರೂ ತೊಂದರೆ ಆಗುತ್ತದೆಯೇ ಎಂದು ನೋಡಬೇಕಂತೆ. ಅದಕ್ಕೆ ಗೋಡಂಬಿ ಆಗದವರ ರಕ್ತ ಬೇಕಂತೆ. ಯಾರಾದರೂ ಗೊತ್ತಿದ್ದಾರಾ ಎಂದು ಕೇಳಿದರಂತೆ. "ನಮ್ಮ ಮನೇಲೇ ಇದಾರೆ ಅಂದೆ. ಎಲ್ರೂ ನನ್ನ ಕಡೆ ತಿರುಗಿ ನೋಡಿದ್ರು!"

ಲಾಟರಿ ಹೊಡೆದವನ ಮುಖವಿತ್ತು ಅವನದು. ನಾನು ಕೇಳಿದೆ, "ಕಾಳಿಗೂ ಗೋಡಂಬಿಗೂ ಏನೋ ಸಂಬಂಧ?"

"ಆ ಗುಣ ತೆಗೆದದ್ದು ಗೋಡಂಬಿಯಿಂದ ಅಮ್ಮ. ಹೇಳಿದ್ನಲ್ಲ."

"ಬೇರೆ ಗಿಡ ಅಂದಿದ್ದೆ. ಗೋಡಂಬಿ ಅಂದಿರಲಿಲ್ಲ."

"ಗೋಡಂಬಿಯಲ್ಲಿ ಸಾವಿರಾರು ಗುಣ ಇದೆ. ಅದರಲ್ಲಿ ಒಂದೇ ಒಂದು ತೆಗೆದಿರೋದು. ಅದೇ ಒಂದು ಚಿಕ್ಕಮ್ಮನಿಗೆ ಆಗದ್ದು ಅಂತ ಹೇಗೆ ಹೇಳ್ತೀಯ? ಸುಮ್ನೆ ಶಾಸ್ತ್ರಕ್ಕೆ ನೋಡ್ತಾರೆ ಅಷ್ಟೆ."

"ಕೊಡ್ತೀನಿ ಬಿಡು," ಎಂದಳು ತಂಗಿ. "ಇಷ್ಟು ವರ್ಷ ಈ ರಕ್ತದಿಂದ ನನಗಂತೂ ಉಪಯೋಗ ಆಗಲಿಲ್ಲ. ನಿನ್ನ ಕಾಳಿಗಾದ್ರೂ ಆಗಲಿ."

ಸಂಶೋಧನಾ ಕೇಂದ್ರಕ್ಕೆ ಸೇರಿದ ಚಿಕಿತ್ಸಾಲಯದಲ್ಲಿ ಒಬ್ಬ ಡಾಕ್ಟರಮ್ಮ ರಕ್ತ ತೆಗೆದುಕೊಂಡರು. ದಪ್ಪ ಕನ್ನಡಕ, ಗಂಡಸರ ಗಡಿಯಾರ, ಮೇಜಿನ ಮೇಲೆ ಅರ್ಧ ಕುಡಿದು ಮರೆತ ಟೀ ಲೋಟ. ಇವಳ ಹಾಗೆ ಇನ್ನೂ ಕೆಲವರ ರಕ್ತ ತೆಗೆದಿದ್ದರು. ಕೆಲವು ವಾರ ಕಳೆದು ಕರೆದು ಹೇಳಿದರು: ಹೊಸ ಕಾಳಿನ ಸಾರವನ್ನು ಬೆರೆಸಿದರೆ ಹೆಚ್ಚಿನವರ ರಕ್ತ ಗೋಡಂಬಿಯನ್ನು ಕಂಡಂತೆಯೇ ಅದರ ಮೇಲೆ ಎಗರುತ್ತಿದೆ. ಗೋಡಂಬಿ ಆಗದವರಿಗೆ ಈ ಕಾಳೂ ಆಗದೆ ಇರಬಹುದು. ಆದರೆ ಸೀಸೆಯೊಳಗಿನ ರಕ್ತದ ಮಾತೊಂದನ್ನೇ ಮೇಲಿನವರು ಒಪ್ಪುವುದಿಲ್ಲ. ಹಾಗಾಗಿ ಮೂವರ ಚರ್ಮದ ಮೇಲೆ ಪರೀಕ್ಷೆ ಮಾಡಬೇಕು. ಮೂವರಲ್ಲಿ ಒಬ್ಬರು ಬಸ್ ಚಾಲಕ, ಇನ್ನೊಬ್ಬರು ಶಾಲೆಯ ಮೇಡಂ, ಮೂರನೆಯವಳು ನನ್ನ ತಂಗಿ.

"ತೋಳಿನ ಮೇಲೆ ಒಂದೊಂದು ತೊಟ್ಟು ಸಾರ ಹಾಕಿ, ಸೂಜಿ ಮೊನೆಯಿಂದ ಚುಚ್ತೀನಿ. ಆಗದ್ದಾದ್ರೆ ಸೊಳ್ಳೆ ಕಚ್ಚಿದ ಹಾಗೆ ಗುಳ್ಳೆ ಏಳುತ್ತೆ. ಹೆದರಬೇಡಿ, ಇಂಜೆಕ್ಷನ್ನು ಪಕ್ಕದಲ್ಲೇ ಇಟ್ಕೊಂಡಿರ್ತೀನಿ," ಎಂದರು ಡಾಕ್ಟರಮ್ಮ. "ಒಂದು ಮಾತು ನೆನಪಿಡಿ. ನೀವು ಕೆರೆತಕ್ಕೆ ತಗೊಳ್ಳೋ ಬಿಳಿ ಮಾತ್ರೆ ಇದೆಯಲ್ಲ, ಅದನ್ನ ಒಂದು ವಾರ ಮುಂಚೆಯಿಂದಲೇ ಮುಟ್ಟಬೇಡಿ. ಮಾತ್ರೆ ತಗೊಂಡ್ರೆ ಚರ್ಮ ಸುಮ್ಮನಿದ್ದುಬಿಡುತ್ತೆ. ಏನೂ ಹೇಳೋದೇ ಇಲ್ಲ."

ತಂಗಿ ಬಹಳ ವಿಧೇಯಳಾಗಿ ತಲೆಯಾಡಿಸಿದಳು. ಅವಳು ಅಷ್ಟು ವಿಧೇಯಳಾಗಿ ತಲೆಯಾಡಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮನೆಯಲ್ಲಿ ಮಗನ ಮಾತು ಕಡಿಮೆಯಾಯಿತು. ಎಲೆಯ ಸುದ್ದಿಯಿಲ್ಲ, ಹೂವಿನ ಸುದ್ದಿಯಿಲ್ಲ. ಬೇಯಿಸಿದ ಆಲೂಗಡ್ಡೆಯನ್ನು ತಟ್ಟೆಯಲ್ಲೇ ಕಿವುಚುತ್ತ ಕೂರುತ್ತಿದ್ದ. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಸೊಸೆಯೇ ವಿಷಯ ಹೇಳಿದಳು.

"ಕಾಳು ಪಾಸಾದ್ರೆ ಗಾಜಿನ ಮನೆ ದೊಡ್ಡದು ಮಾಡ್ತಾರಂತೆ ಅತ್ತೆ. ಇವರನ್ನ ಕಾಯಂ ಮಾಡ್ತಾರಂತೆ. ಪಾಸಾಗದಿದ್ರೆ ಬಾಗಿಲು ಹಾಕ್ತಾರೆ. ಇವರು ದಿನಗೂಲಿ ಲೆಕ್ಕದಲ್ಲಿರೋರು, ಎಲ್ಲಿಗಾದ್ರೂ ಹೋಗಿ ಅಂತಾರೆ."

"ಹಾಗಂತ ಅವನೇ ಹೇಳಿದ್ನಾ?"

"ಹೇಳೋ ಜನಾನಾ ಇವರು? ನಿದ್ದೇಲಿ ಹಲ್ಲು ಕಡಿತಾರೆ. ಅದಕ್ಕೇ ನಾನೇ ಬಿಡಿಸಿ ಬಿಡಿಸಿ ಕೇಳಿದೆ."

ಹಿಂಬಾಗಿಲ ಬಳಿ ತಂಗಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಕೇಳಿಸಿಕೊಂಡದ್ದು ನನಗೆ ಗೊತ್ತಾಯಿತು. ಏಕೆಂದರೆ ಒಂದೇ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

ನನ್ನ ಸ್ಥಿತಿ ಬಿಸಿ ತುಪ್ಪ ಬಾಯಿಗಿಟ್ಟುಕೊಂಡವರದು. ಒಂದು ಕಣ್ಣು ಮಗ, ಒಂದು ಕಣ್ಣು ತಂಗಿ. ಯಾವ ಕಣ್ಣಿಗೆ ಬೆಣ್ಣೆ, ಯಾವ ಕಣ್ಣಿಗೆ ಸುಣ್ಣ? ಕಾಳು ಒಳ್ಳೆಯದಾಗಿರಲಿ, ತಂಗಿಯ ತೋಳು ತಾನಾಗಿಯೇ ಸುಮ್ಮನಿರಲಿ ಎಂದು ಆಸೆಪಟ್ಟೆ. ಆಸೆಗೇನು, ಯಾರ ಅಪ್ಪಣೆಯೂ ಬೇಕಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಹೊರಟೆವು. ತಂಗಿ ಹತ್ತಿ ಕೂತವಳೇ ತೂಕಡಿಸಲು ಶುರುಮಾಡಿದಳು. ಹಗಲು ಒಂದು ಗಳಿಗೆ ಕಣ್ಣು ಮುಚ್ಚುವವಳಲ್ಲ ಅವಳು; ಇಸ್ತ್ರಿ ಮಾಡುವವರು ಕಣ್ಣು ಮುಚ್ಚಿದರೆ ಬಟ್ಟೆಯ ಗತಿ ಏನು? ಅವತ್ತು ತಲೆ ಬಾಗಿ ಬಾಗಿ, ಕೊನೆಗೆ ಆಚೆ ಬದಿಗೆ ಕೂತಿದ್ದ ಯಾರೋ ದಪ್ಪ ಗಂಡಸಿನ ಭುಜದ ಮೇಲೆ ಆರಾಮವಾಗಿ ನೆಲೆಯಾಯಿತು. ಅವರು ಪಾಪ, ಅಲ್ಲಾಡದೆ ಕೂತಿದ್ದರು. ಇಳಿಯುವ ಜಾಗ ಬಂದಾಗ ನಾನು ತಟ್ಟಿ ಎಬ್ಬಿಸಿದೆ.

"ರಾತ್ರಿ ನಿದ್ದೆ ಮಾಡಲಿಲ್ವೇನೇ?"

"ಸೆಕೆ," ಎಂದಳು. ಸೆಕೆಯೇನೂ ಇರಲಿಲ್ಲ.

ಡಾಕ್ಟರಮ್ಮ ಅವಳ ಎಡತೋಳನ್ನು ಮೇಜಿನ ಮೇಲೆ ಚಾಚಿಸಿ, ಪೆನ್ನಿನಿಂದ ಸಾಲಾಗಿ ಗುರುತು ಹಾಕಿದರು. ಪ್ರತಿ ಗುರುತಿನ ಪಕ್ಕ ಒಂದೊಂದು ತೊಟ್ಟು ಬಿಟ್ಟರು. ಬಿಡುತ್ತ ಬಿಡುತ್ತ ಹೇಳಿದರು: ಇದು ಬರೀ ಉಪ್ಪುನೀರು, ಏನೂ ಆಗಬಾರದು. ಇದು ಯಾರಿಗೆ ಚುಚ್ಚಿದರೂ ಗುಳ್ಳೆ ಏಳುವ ಔಷಧ. ಇದು ಗೋಡಂಬಿಯ ಸಾರ, ಬಹಳ ತೆಳು ಮಾಡಿದ್ದು. ಇದು ಹಳೆಯ ಮಾಮೂಲಿ ಕಾಳು. ಇದು ಹೊಸ ಕಾಳು. ಪ್ರತಿ ತೊಟ್ಟಿನ ಮೂಲಕ ಒಂದೊಂದು ಸಣ್ಣ ಚುಚ್ಚು. ಆಮೇಲೆ ಹತ್ತಿಯಿಂದ ಒತ್ತಿ ತೆಗೆದು, "ಕಾಯೋಣ" ಎಂದರು.

ಕಾದೆವು. ತಂಗಿ ತೋಳನ್ನೇ ನೋಡುತ್ತ, ಮಧ್ಯೆ ಮಧ್ಯೆ ಆಕಳಿಸುತ್ತ ಕೂತಳು. ಕಿಟಕಿಯಾಚೆ ಯಾರೋ ಅಂಗಳ ಗುಡಿಸುತ್ತಿದ್ದರು. ಹೊತ್ತಾಯಿತು. ತೋಳಿನ ಮೇಲೆ ಪೆನ್ನಿನ ಗುರುತು ಬಿಟ್ಟರೆ ಏನೂ ಇಲ್ಲ, ತೊಳೆದ ತಟ್ಟೆಯ ಹಾಗಿತ್ತು.

"ನೋಡಿ, ಏನೂ ಆಗಲಿಲ್ಲ," ಎಂದಳು ತಂಗಿ. ಮುಖ ಅರಳಿತ್ತು. "ಒಳ್ಳೇ ಕಾಳು. ಬರ್ಕೊಳ್ಳಿ."

ನನ್ನ ಮನಸ್ಸೂ ಒಂದು ಕ್ಷಣ ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಡಾಕ್ಟರಮ್ಮ ಬರೆದುಕೊಳ್ಳಲಿಲ್ಲ. ತಂಗಿಯ ತೋಳಿನ ಮೇಲೆ ಬಗ್ಗಿ, ಎರಡನೆಯ ಗುರುತನ್ನು ಬೆರಳಿಂದ ಸವರಿದರು. ನನ್ನ ಕಡೆ ತಿರುಗಿದರು.

"ಅಮ್ಮ, ನಿಮ್ಮ ಕೈ ಕೊಡ್ತೀರಾ?"

ಕೊಟ್ಟೆ. ಅದೇ ಎರಡನೆಯ ಔಷಧದ ಒಂದು ತೊಟ್ಟು ಬಿಟ್ಟು ಚುಚ್ಚಿದರು. ಇರುವೆ ಕಡಿದಷ್ಟು ಉರಿ. ನೋಡುನೋಡುತ್ತಿದ್ದಂತೆ ನನ್ನ ಮುದಿ ಚರ್ಮದ ಮೇಲೆ ಬಿಳಿಯ ಗುಳ್ಳೆ ಎದ್ದು, ಸುತ್ತ ಕೆಂಪಾಯಿತು, ಕೆರೆತ ಹತ್ತಿತು.

"ಇದು ಯಾರಿಗೆ ಚುಚ್ಚಿದ್ರೂ ಏಳುತ್ತೆ ಅಂದಿದ್ನಲ್ಲ," ಎಂದರು. "ಅಕ್ಕನ ತೋಳು ಮಾತಾಡ್ತಾ ಇದೆ. ತಂಗಿ ತೋಳು ನಿದ್ದೆ ಮಾಡ್ತಾ ಇದೆ. ಅಷ್ಟೇ ಅಲ್ಲ, ಗೋಡಂಬಿ ಹಾಕಿದ ಜಾಗಾನೂ ಸುಮ್ಮನಿದೆ. ನಿಮಗೆ ಗೋಡಂಬಿ ವಾಸಿಯಾಗಿಬಿಟ್ಟಿದ್ಯಾ? ಹೋಗೋವಾಗ ಒಂದು ಹಿಡಿ ತಿಂದು ಹೋಗ್ತೀರಾ?"

ತಂಗಿಯ ಕಿವಿ ಕೆಂಪಾಯಿತು.

"ಮಾತ್ರೆ ತಗೊಂಡ್ರಿ. ಅದಕ್ಕೇ ಈ ಆಕಳಿಕೆ."

"ಒಂದೇ ಒಂದು," ಎಂದಳು ತಂಗಿ. ಆಮೇಲೆ, "ನಿನ್ನೆ ಒಂದು. ಮೊನ್ನೆ ಒಂದು. ಬೆಳಿಗ್ಗೆ ಎರಡು."

"ಬೇಡ ಅಂತ ಅಷ್ಟು ಹೇಳಿದ್ನಲ್ಲಮ್ಮ."

"ನೀವು ಹೇಳಿದ್ದಕ್ಕೇ ಗೊತ್ತಾಗಿದ್ದು. ಸುಮ್ಮನಿದ್ದುಬಿಡುತ್ತೆ ಅಂದ್ರಲ್ಲ. ಸುಮ್ಮನಿರಲಿ ಅಂತ ತಗೊಂಡೆ." ಸೆರಗಿನಿಂದ ತೋಳು ಮುಚ್ಚಿಕೊಂಡಳು. "ನಮ್ಮ ಹುಡುಗ ಅದನ್ನ ಕೂಸು ಸಾಕಿದ ಹಾಗೆ ಸಾಕಿದಾನೆ. ಅವನ ಕೆಲಸಾನೂ ಅದರ ಮೇಲೇ ನಿಂತಿದೆ. ನನ್ನ ತೋಳಿಂದ ಅವನ ಅನ್ನಕ್ಕೆ ಕಲ್ಲು ಬೀಳಬೇಕಾ? ನಾನಂತೂ ಆ ಕಾಳು ತಿನ್ನಲ್ಲ. ಜನ್ಮದಲ್ಲಿ ತಿನ್ನಲ್ಲ. ಆಯ್ತಲ್ಲ?"

ಡಾಕ್ಟರಮ್ಮ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ನೀವು ಅದನ್ನ ಹೇಗೆ ತಿನ್ನದೆ ಇರ್ತೀರಿ?"

"ಮೂಸ್ತೀನಿ. ನನ್ನ ಮೂಗಿಗೆ ಗೋಡಂಬಿ ಗೊತ್ತಾಗದೆ ಇರಲ್ಲ."

"ಇದಕ್ಕೆ ಗೋಡಂಬಿ ವಾಸನೆ ಇಲ್ಲ. ಕಾಳಿನ ವಾಸನೆ ಅಷ್ಟೆ."

"ಹುರಿದ್ರೆ?"

"ಹುರಿದ್ರೂ ಕಾಳಿನ ವಾಸನೇನೆ. ಬೇಯಿಸಿದ್ರೂ."

ತಂಗಿ ನನ್ನ ಕಡೆ ನೋಡಿದಳು. "ಅಕ್ಕ ಓದ್ತಾಳೆ. ಪೊಟ್ಟಣದ ಹಿಂದೆ ಇರುತ್ತಲ್ಲ."

ನಾನೇ ಹೇಳಬೇಕಾಯಿತು. "ಅಲ್ಲಿ ಸೋಯಾ ಹಿಟ್ಟು ಅಂತ ಇರುತ್ತೆ ಕಣೇ. ಬಿಸ್ಕತ್ತಿನಲ್ಲೂ ಇರುತ್ತೆ, ಬ್ರೆಡ್ಡಿನಲ್ಲೂ ಇರುತ್ತೆ. ಅದನ್ನ ಓದಿ ಓದಿ ನಿನಗೆ ಕೊಡ್ತಾ ಬಂದಿದೀನಿ. ಅದು ಹಳೇ ಕಾಳೋ ಹೊಸ ಕಾಳೋ ನಾನು ಹೇಗೆ ಹೇಳಲಿ?"

ತಂಗಿ ಸೆರಗು ಸರಿಸಿ ತೋಳಿನ ಗುರುತುಗಳನ್ನು ಒಂದೊಂದಾಗಿ ನೋಡಿದಳು. ಅವಳ ಕಣ್ಣೆದುರು ಏನು ಬಂತೋ ನನಗೆ ಗೊತ್ತಿಲ್ಲ. ನನ್ನ ಕಣ್ಣೆದುರು ಮಾತ್ರ ಲಾಂಡ್ರಿಯ ನೆಲ ಬಂತು.

"ಕುಲಾಂತರಿ ಅಂದ್ರೆಲ್ಲಾ ಹೀಗೇನಾ ಡಾಕ್ಟ್ರೇ?" ಎಂದು ಕೇಳಿದೆ. ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು: ಒಬ್ಬರಿಗೆ ಅದು ವಿಷ, ಇನ್ನೊಬ್ಬರಿಗೆ ಅಮೃತ.

"ಎಲ್ಲಾ ಹೀಗಲ್ಲ. ನಾನು ನೋಡಿದ ಎಷ್ಟೋ ಕಾಳು, ಎಷ್ಟೋ ಜೋಳ ಯಾರ ತೋಳಿನ ಮೇಲೂ ಏನೂ ಮಾಡಲಿಲ್ಲ. ಇದು ಮಾಡುತ್ತೆ ಅಂತ ನನಗೆ ಅನುಮಾನ. ಒಂದೊಂದನ್ನೂ ಬೇರೆ ಬೇರೆ ಕೇಳಬೇಕು. ಕೇಳಿದಾಗ ಯಾರೂ ಸುಳ್ಳು ಹೇಳಬಾರದು, ತೋಳೂ ಹೇಳಬಾರದು." ಟೀ ಲೋಟ ಎತ್ತಿ, ಆರಿದ್ದನ್ನು ನೋಡಿ ಕೆಳಗಿಟ್ಟರು. "ನಿಮ್ಮ ತೋಳು ಸುಮ್ಮನಿದೆ ಅಂತ ನಾನು ಬರೆದ್ರೆ, ನೋಡಿ ಒಬ್ಬರಿಗೆ ಏನೂ ಆಗಲಿಲ್ಲ ಅಂತ ಮೇಲಿನವರು ವಾದ ಹೂಡ್ತಾರೆ. ಇದನ್ನೇ ಇನ್ನೊಂದು ಬೆಳೆ ಬೆಳೀತಾರೆ. ಬಲವಂತ ಇಲ್ಲಮ್ಮ. ಮನಸ್ಸಿದ್ರೆ ಮಾತ್ರೆ ಬಿಟ್ಟು ಮುಂದಿನ ವಾರ ಬನ್ನಿ. ಇಲ್ಲದಿದ್ರೆ ಬೇರೆಯವರನ್ನ ಹುಡುಕ್ತೀನಿ."

ಮನೆಗೆ ಬಂದು ತಂಗಿ ಮಲಗಿಬಿಟ್ಟಳು. ಸಂಜೆ ಮಗ ಬಂದ. ಜೇಬು ತಿರುಗಿಸುತ್ತಲೇ ನನ್ನ ಮುಖ ನೋಡಿದ.

"ಏನಾಯ್ತು?"

ಹೇಳಿದೆ. ಅವನ ಎರಡು ಜೇಬೂ ಹೊರಗೇ ಜೋತಾಡುತ್ತಿದ್ದವು. ಒಳಗೆ ಬಂದು ತಂಗಿಯ ಮಂಚದ ಎದುರು ನಿಂತ.

"ಚಿಕ್ಕಮ್ಮ, ಏಳು. ಯಾರು ಹೇಳಿದ್ರು ನಿನಗೆ ಮಾತ್ರೆ ತಿನ್ನು ಅಂತ?"

"ಕೈ ತೊಳೆದ್ಯಾ?"

"ಕೈ ಮನೆ ಹಾಳಾಗಲಿ! ನನ್ನ ಕಾಳು ನಿನ್ನ ಮಾತ್ರೆಯಿಂದ ಪಾಸಾಗಬೇಕಿತ್ತಾ? ನಾನು ಕೇಳಿದ್ನಾ?"

"ನೀನು ಕೇಳಲ್ಲ. ಹಲ್ಲು ಕಡಿತೀಯ," ಎಂದಳು ತಂಗಿ ಎದ್ದು ಕೂತು.

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ, "ನಾನೇನೂ ಮಾತ್ರೆ ತಗೊಳ್ಳಿ ಅನ್ನಲಿಲ್ಲ" ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ.

ಮಗ ನೆಲದ ಮೇಲೆ ಕೂತ. ಸಿಟ್ಟು ಇಳಿದ ಮೇಲೆ ಅವನ ದನಿ ಸಣ್ಣದಾಯಿತು.

"ಮುಂದಿನ ವಾರ ಮತ್ತೆ ಕರೆದಿದಾರಾ?"

"ಹ್ಞೂಂ."

"ಹೋಗ್ತೀಯಾ?"

"ನೀನು ಹೇಳು."

ಅವನು ತನ್ನ ಅಂಗೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಮಣ್ಣಿತ್ತು, ಎಷ್ಟು ತಿಕ್ಕಿದರೂ ಹೋಗದ ಮಣ್ಣು. "ಹೋಗಬೇಡ ಅಂತ ನಾನು ಹೇಳ್ತಾ ಇಲ್ಲ ಚಿಕ್ಕಮ್ಮ. ಹೋಗು ಅಂತಾನೂ ನನ್ನ ಬಾಯಲ್ಲಿ ಬರ್ತಾ ಇಲ್ಲ."

ತಂಗಿ ದಿಂಬಿನ ಕೆಳಗೆ ಕೈ ಹಾಕಿ ಮಾತ್ರೆಯ ಪಟ್ಟಿ ತೆಗೆದಳು. ನಾಲ್ಕು ಗುಳಿ ಖಾಲಿಯಾಗಿದ್ದವು, ಮಿಕ್ಕವು ತುಂಬಿದ್ದವು. ಅದನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ನನ್ನ ಹತ್ರ ಇದ್ರೆ ನುಂಗಿಬಿಡ್ತೀನಿ, ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ನಿನ್ನ ಹತ್ರಾನೇ ಇರಲಿ. ನಿನಗೆ ಬೇಕು ಅನ್ನಿಸಿದ ದಿನ ಒಂದು ಲೋಟ ನೀರಿನ ಜೊತೆ ತಂದುಕೊಡು. ಯಾಕೆ ಅಂತ ಕೇಳಲ್ಲ. ನುಂಗ್ತೀನಿ."

"ಇದು ಯಾವ ನ್ಯಾಯ?" ಎಂದೆ ನಾನು. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಆ ವಾರ ನಮ್ಮ ಮನೆ ಒಲೆ ಮೇಲಿಟ್ಟ ಹಾಲಿನ ಹಾಗಿತ್ತು, ಯಾವಾಗ ಉಕ್ಕುವುದೋ ಎಂದು ಕಾಯುತ್ತ. ತಂಗಿ ಲಾಂಡ್ರಿಗೆ ಹೋಗುವಾಗ ಮನೆಯಲ್ಲಿ ಬೇಯಿಸಿದ ಅನ್ನ, ಮೊಟ್ಟೆ ಬಿಟ್ಟು ಬೇರೇನೂ ಒಯ್ಯಲಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಮಾತ್ರೆ ಕೈಗೆ ಸಿಗುವುದಿಲ್ಲವಲ್ಲ, ನೇರ ಆಸ್ಪತ್ರೆಗೇ ಓಡಬೇಕು. ಇಸ್ತ್ರಿಯ ಹಬೆಯಿಂದ ಅವಳಿಗೆ ಯಾವಾಗಲೂ ಕುತ್ತಿಗೆ ಕೆರೆಯುತ್ತದೆ. ಮಾತ್ರೆಯಿಲ್ಲದೆ ಕೆರೆದು ಕೆರೆದು ಕೆಂಪು ಗೀರು ಮಾಡಿಕೊಂಡಳು. ಮಗ ಅದನ್ನು ನೋಡುತ್ತಿದ್ದ. ನೋಡಿ ತಟ್ಟೆಯ ಕಡೆ ತಿರುಗುತ್ತಿದ್ದ.

ಪ್ರತಿ ಸಂಜೆ ಅವನು ಬಾಗಿಲಲ್ಲಿ ಜೇಬು ತಿರುಗಿಸಿದಾಗ ಬೀಗದ ಕೈ, ಕರವಸ್ತ್ರ, ಅದರ ಜೊತೆ ಮಾತ್ರೆಯ ಪಟ್ಟಿ ಹೊರಗೆ ಬರುತ್ತಿತ್ತು. ತಂಗಿ ಪಟ್ಟಿಯ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ನಾನೇ ಓರೆಗಣ್ಣಿನಿಂದ ಗುಳಿಗಳನ್ನು ನೋಡುತ್ತಿದ್ದೆ. ಪಟ್ಟಿ ಹಾಗೇ ಇರುತ್ತಿತ್ತು. ಅವನು ಅದನ್ನು ಬೀಗದ ಕೈ ಪಕ್ಕ ಕಪಾಟಿನ ಮೇಲಿಡುತ್ತಿದ್ದ, ಬೆಳಿಗ್ಗೆ ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಒಂದು ಸಂಜೆ ಮಾತ್ರ ಅವನು ಕೈ ತೊಳೆದು ಬಂದವನೇ ಅಡುಗೆಮನೆಗೆ ಹೋಗಿ ಲೋಟಕ್ಕೆ ನೀರು ತುಂಬಿಸಿದ. ಕಾರ್ಖಾನೆಯಿಂದ ತರಿಸಿಕೊಂಡ ಅಂಗಿಗಳಿಗೆ ನಾನು ಹೊಲಿಯುತ್ತಿದ್ದ ಗುಂಡಿ ದಾರದಿಂದ ಜಾರಿ ನೆಲಕ್ಕೆ ಬಿತ್ತು. ತಂಗಿ ಕೆರೆಯುತ್ತಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಳು. ಅವನು ಲೋಟ ಹಿಡಿದು ಹೊರಗೆ ಬಂದ, ಅವಳ ಎದುರು ನಿಂತ. ಕಪಾಟಿನ ಕಡೆ ನೋಡಿದ. ಆಮೇಲೆ ಆ ನೀರನ್ನು ತಾನೇ ಗಟಗಟ ಕುಡಿದು ಲೋಟ ಕೆಳಗಿಟ್ಟ.

"ಏನೋ ಅದು?" ಎಂದಳು ತಂಗಿ.

"ಬಾಯಾರಿಕೆ," ಎಂದ.

ಎರಡನೆಯ ಪರೀಕ್ಷೆಯ ದಿನ ಬಸ್ಸಿನವರೆಗೆ ಅವನೂ ಬಂದ. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ತೂರಿಸಿ ಪಟ್ಟಿಯನ್ನು ತಂಗಿಯ ಮಡಿಲಿಗೆ ಹಾಕಿದ.

"ಎಲ್ಲಾ ಮುಗಿದ ಮೇಲೆ ತಗೋ. ಮುಗಿದ ಮೇಲೆ! ಕುತ್ತಿಗೆ ನೋಡು ಹೇಗಾಗಿದೆ."

"ಹೋಗೋ, ಕೆಲಸಕ್ಕೆ ಹೊತ್ತಾಗುತ್ತೆ," ಎಂದಳು. ಬಸ್ಸು ತಿರುಗುವವರೆಗೂ ಅವನು ಅಲ್ಲೇ ನಿಂತಿದ್ದ. ಅವಳು ಈ ಸಲ ತೂಕಡಿಸಲಿಲ್ಲ.

ಈ ಸಲ ಹೆಚ್ಚು ಹೊತ್ತು ಕಾಯಬೇಕಾಗಿ ಬರಲಿಲ್ಲ. ಎರಡನೆಯ ಗುರುತಿನಲ್ಲಿ ಗುಳ್ಳೆ ಎದ್ದಿತು. ಅದರ ಹಿಂದೆಯೇ ಗೋಡಂಬಿಯ ಜಾಗ ಊದಿಕೊಂಡು, ಅಂಚು ಹರಡಿ, ನಾಣ್ಯದಷ್ಟಾಯಿತು. ಹಳೆಯ ಕಾಳಿನ ಜಾಗ ಸಮತಟ್ಟಾಗಿ ಉಳಿಯಿತು, ಉಪ್ಪುನೀರಿನ ಜಾಗದ ಹಾಗೆ. ಕೊನೆಯ ಗುರುತು ಹೊಸ ಕಾಳಿನದು. ಅದು ಮೊದಲು ಸುಮ್ಮನಿತ್ತು. ನನ್ನ ಮನಸ್ಸು ಇನ್ನೂ ಏನನ್ನೋ ಹಂಬಲಿಸುತ್ತಿತ್ತು. ಆಮೇಲೆ ನಡುವೆ ಬೆಳ್ಳಗೆ ಎದ್ದು, ಸುತ್ತ ಕೆಂಪು ಹರಿದು, ಗೋಡಂಬಿಯ ಗುಳ್ಳೆಗೆ ಅವಳಿಜವಳಿಯ ಹಾಗೆ ನಿಂತಿತು.

ಡಾಕ್ಟರಮ್ಮ ಅಳತೆಪಟ್ಟಿ ಇಟ್ಟು ನೋಡಿದರು, ಬರೆದುಕೊಂಡರು. ಇನ್ನಿಬ್ಬರದ್ದೂ ಹೀಗೇ ಬಂತು ಎಂದು ಅವರು ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ. ಅವತ್ತು, "ಕೆರೀಬೇಡಿ" ಎಂದು ಮಾತ್ರ ಹೇಳಿ ತಣ್ಣನೆಯ ಬಟ್ಟೆ ಕೊಟ್ಟರು.

ತಂಗಿ ತೋಳು ನೋಡಿಕೊಂಡಳು. "ಎರಡೂ ಒಂದೇ ತಾಯಿ ಮಕ್ಕಳು," ಎಂದಳು. ಆಮೇಲೆ ಅತ್ತಳು. ಇಂಜೆಕ್ಷನ್ನಿಗೆ ಅಳದವಳು ಅತ್ತದ್ದು ನೋಡಿ ಡಾಕ್ಟರಮ್ಮ ನೋವಿಗೆ ಎಂದುಕೊಂಡರು. ನಾನು ತಿದ್ದಲಿಲ್ಲ.

ಕಾಳನ್ನು ನಿಲ್ಲಿಸಿದರು. ಅದು ಅಂಗಡಿಗೆ ಬರಲಿಲ್ಲ, ಹೊಲಕ್ಕೂ ಹೋಗಲಿಲ್ಲ, ಯಾರ ಬಾಯಿಗೂ ಬೀಳಲಿಲ್ಲ. ನಮ್ಮ ಬೀದಿಯವರಿಗೆ ಅಂಥದ್ದೊಂದು ಕಾಳು ಇತ್ತು ಎಂಬುದೇ ಗೊತ್ತಿಲ್ಲ. ಗಿಡಗಳನ್ನು ಬೇರುಸಹಿತ ಕಿತ್ತು ಬೆಂಕಿಗೆ ಹಾಕಬೇಕೆಂದು ಆಜ್ಞೆಯಾಯಿತು. ಕೀಳಲು ಹಚ್ಚಿದ್ದು ಬೆಳೆಸಿದವನನ್ನೇ. ಗಾಜಿನ ಮನೆ ಖಾಲಿಯಾಗುವವರೆಗೆ ಅವನಿಗೆ ಕೆಲಸವಿತ್ತು. ಆಮೇಲೆ ಆಲೂಗಡ್ಡೆ ವಿಭಾಗದಲ್ಲಿ ಜಾಗವಿದ್ದರೆ ಕರೆಯುತ್ತೇವೆ ಎಂದರಂತೆ. ಕರೆಯುತ್ತಾರೋ ಇಲ್ಲವೋ ಎಂದು ಇನ್ನೂ ಗೊತ್ತಾಗಿಲ್ಲ. ಸೊಸೆ ಚಪ್ಪಲಿ ಅಂಗಡಿಯಲ್ಲಿ ಸಂಜೆಯ ಪಾಳಿಯನ್ನೂ ಹಿಡಿದಿದ್ದಾಳೆ. ನಾನು ಗುಂಡಿ ಹೊಲಿಯುವ ಕೆಲಸವನ್ನು ಇನ್ನಷ್ಟು ತರಿಸಿಕೊಂಡಿದ್ದೇನೆ.

ಗಾಜಿನ ಮನೆಯ ಕೊನೆಯ ದಿನ ಅವನು ಬೇಗ ಬಂದ. ಬಾಗಿಲಲ್ಲಿ ನಿಂತು ಎರಡು ಜೇಬನ್ನೂ ಹೊರಗೆ ಎಳೆದ. ಬೀಗದ ಕೈ ಅವತ್ತು ಇರಲಿಲ್ಲ, ಕೇಂದ್ರಕ್ಕೆ ಒಪ್ಪಿಸಿ ಬಂದಿದ್ದ. ಕರವಸ್ತ್ರ ಒದರಿದ. ಆಮೇಲೆ, ಇಷ್ಟು ವರ್ಷದಲ್ಲಿ ಎಂದೂ ಮಾಡದ ಕೆಲಸ, ಬಗ್ಗಿ ಪ್ಯಾಂಟಿನ ಅಂಚಿನ ಮಡಿಕೆಗಳನ್ನು ಬಿಚ್ಚಿದ. ಒಣ ಎಲೆಯ ಚೂರು, ಕಾಯಿಯ ಸಿಪ್ಪೆ, ಅದರ ಜೊತೆ ಒಂದು ಕಾಳು ಮೆಟ್ಟಿಲ ಮೇಲೆ ಉದುರಿದವು.

ನಾವು ಮೂವರೂ ಅದನ್ನು ನೋಡಿದೆವು. ಹಳದಿ ಬಣ್ಣದ, ಗುಂಡಗಿನ, ಎಲ್ಲ ಕಾಳಿನಂಥದೇ ಕಾಳು.

"ಇಷ್ಟು ದಿನ ಹೀಗೇ ಒಳಗೆ ಬರ್ತಿದ್ದೆ," ಎಂದ ಮಗ. "ಜೇಬು ತೋರಿಸಿ, ಇದನ್ನ ಕಾಲಲ್ಲಿ ಕಟ್ಕೊಂಡು."

"ನೀನೇನು ಬೇಕಂತ ತಂದ್ಯಾ?" ಎಂದಳು ತಂಗಿ. "ಅಲ್ಲೇ ಇರು." ಪೊರಕೆ ತಂದು ಕೊಟ್ಟಳು. ಅವನು ಕಾಳನ್ನೂ ಸಿಪ್ಪೆಯನ್ನೂ ಕಾಗದದಲ್ಲಿ ಗುಡಿಸಿ ಎತ್ತಿ, ಗಟ್ಟಿಯಾಗಿ ಮಡಿಸಿ ಕಸದ ಡಬ್ಬಕ್ಕೆ ಹಾಕಿದ. ಮೆಟ್ಟಿಲನ್ನು ನೀರಿನಿಂದ ತೊಳೆದ. ನಲ್ಲಿಯ ಕೆಳಗೆ ಕೈ ಹಿಡಿದ, ಒರೆಸಿಕೊಂಡ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಎರಡು ಅಂಗೈಯನ್ನೂ ಅವಳ ಮುಖದ ಮುಂದೆ ಹಿಡಿದ.

ತಂಗಿ ಅಭ್ಯಾಸದಂತೆ ಬಗ್ಗಿ ಮೂಸಿದಳು. ತಲೆಯೆತ್ತಿದಳು.

"ನನ್ನ ಮೂಗಿಗೆ ಏನೂ ಗೊತ್ತಾಗ್ತಾ ಇಲ್ಲ ಮರಿ," ಎಂದಳು. "ಹೋಗು, ಸೋಪು ಹಾಕಿ ಇನ್ನೊಂದು ಸಲ ತೊಳ್ಕೊಂಡು ಬಾ. ಊಟ ಆರ್ತಾ ಇದೆ."